ಕಡತದ ಆಯಸ್ಸು 30, ನಮ್ಮಿಂದ ಕೇಳೋ ಪುರಾವೆ 75

ಈ ಕಾಲೇಜಿಗೆ ಬರೋ ಮುಂಚೆ ನಾವೆಲ್ಲ ಒಂದು ಪ್ಲಾಸ್ಟಿಕ್ ಫೋಲ್ಡರ್ ಹಿಡ್ಕೊಂಡು ಓಡಾಡಿದವರೇ. ಒಂದನೇ ಕ್ಲಾಸಿಂದ ಹತ್ತನೇ ಕ್ಲಾಸಿನವರೆಗೆ ಎಲ್ಲೆಲ್ಲಿ ಓದಿದ್ದು ಅನ್ನೋದಕ್ಕೆ ಒಂದು ಪತ್ರ, ಗ್ರಾಮೀಣ ಅಂದ್ರೆ ಇನ್ನೊಂದು, ಕನ್ನಡ ಮಾಧ್ಯಮ ಅಂದ್ರೆ ಮತ್ತೊಂದು, ಜಾತಿ-ಆದಾಯದ್ದು ಬೇರೆ, ಕಲ್ಯಾಣ ಕರ್ನಾಟಕದ ಕಡೆಯವರಾದ್ರೆ 371ಜೆ ಪ್ರಮಾಣಪತ್ರ. ಸಿಇಟಿ ರ‍್ಯಾಂಕಿಗಿಂತ ಆ ಫೋಲ್ಡರ್ ಕಳೆದುಹೋದೀತು ಅನ್ನೋ ಭಯವೇ ಜಾಸ್ತಿ ಇತ್ತು. ಆದರೆ ಆ ಪತ್ರಗಳನ್ನು ಬರೆದುಕೊಟ್ಟವರು ಯಾವುದನ್ನು ನೋಡಿ ಬರೆದುಕೊಟ್ಟರು? ಪ್ರಾಥಮಿಕ ಶಾಲೆಯ ದಾಖಲಾತಿ ರಿಜಿಸ್ಟರ್ ನೋಡಿ. ಜಾತಿಯ ಸಿಂಧುತ್ವ ಕೇಳಿದರೆ ಅಪ್ಪನ, ಕೆಲವೊಮ್ಮೆ ಅಜ್ಜನ ಶಾಲಾ ದಾಖಲೆಯ ನಕಲು ತೆಗೆಸಿ. ನಮ್ಮ ಕೈಗೆ ಬಂದ ಹೊಸ ಕಾಗದದ ಹಿಂದೆ ಎಲ್ಲೋ ಒಂದು ಕಬ್ಬಿಣದ ಬೀರುವಿನಲ್ಲಿ ಒಂದು ಹಳೇ ಕಾಗದ ಇತ್ತು. ಯಾರೋ ಅದನ್ನು ಎಸೆಯದೆ ಇಟ್ಟಿದ್ದರು.

ಎಸೆದಿದ್ದರೆ? ಈ ಬರಹ ಇರೋದು ಆ ಪ್ರಶ್ನೆಯ ಬಗ್ಗೆ. ಸರ್ಕಾರಿ ದಾಖಲೆಗಳಲ್ಲಿ ಯಾವುದು ಉಳಿಯಬೇಕು, ಯಾವುದು ಹೋಗಬೇಕು, ಅದನ್ನು ತೀರ್ಮಾನಿಸೋದು ಯಾರು ಮತ್ತು ಯಾವ ಲೆಕ್ಕದಲ್ಲಿ?

ಸರ್ಕಾರಿ ಕಚೇರಿಯಲ್ಲಿ ಪ್ರತಿ ಕಡತಕ್ಕೂ ಒಂದು ಆಯಸ್ಸು ಬರೆದಿರುತ್ತೆ. ಕೆಲಸ ಮುಗಿದ ಕಡತವನ್ನು ಮುಕ್ತಾಯ ಮಾಡಿ ಅಭಿಲೇಖಾಲಯಕ್ಕೆ ಕಳಿಸುವಾಗ ಅದರ ಮೇಲೆ ಒಂದು ಅಕ್ಷರ ಬೀಳುತ್ತೆ. ನಮ್ಮ ರಾಜ್ಯದ ಕಚೇರಿಗಳ ರೂಢಿಯಲ್ಲಿ ಎ ಅಂದ್ರೆ ಶಾಶ್ವತ, ಬಿ ಅಂದ್ರೆ 30 ವರ್ಷ, ಸಿ 10 ವರ್ಷ, ಡಿ 5 ವರ್ಷ, ಇ ಒಂದೇ ವರ್ಷ. ನಮ್ಮ ಗ್ರೇಡಿಂಗ್ ಥರಾನೇ, ಆದ್ರೆ ಇಲ್ಲಿ ರಿವ್ಯಾಲ್ಯುಯೇಷನ್ನಿಗೆ ಅರ್ಜಿ ಹಾಕೋಕೆ ಆ ಕಡತಕ್ಕೆ ಬಾಯಿಲ್ಲ. ಅಕ್ಷರ ಸೂಚಿಸೋದು ಸಾಮಾನ್ಯವಾಗಿ ಆ ಕಡತ ನೋಡಿಕೊಂಡ ವಿಷಯ ನಿರ್ವಾಹಕರು. ಮೇಜಿನ ಮೇಲೆ ಇನ್ನೂ ನೂರಾರು ಕಡತ ಕಾಯ್ತಾ ಇರುವಾಗ, ಮುಗಿದುಹೋದ ಒಂದಕ್ಕೆ 50 ವರ್ಷ ಆಚೆ ಯಾರಿಗೆ ಏನು ಬೇಕಾಗಬಹುದು ಅಂತ ಅವರು ಯೋಚಿಸಬೇಕು ಅನ್ನೋದು ಸ್ವಲ್ಪ ಅನ್ಯಾಯವೇ. ಅವರನ್ನು ದೂರುವ ಉದ್ದೇಶ ನಮಗಿಲ್ಲ.

ಕಾನೂನೇ ಇಲ್ಲ ಅಂತಲ್ಲ. ಕೇಂದ್ರದಲ್ಲಿ 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆ ಇದೆ, ಕರ್ನಾಟಕಕ್ಕೆ 2010ರದ್ದು ಇದೆ. ಕೇಂದ್ರದ ಕಾಯ್ದೆ ಪ್ರಕಾರ ನಿಯಮ ಮೀರಿ ದಾಖಲೆ ನಾಶ ಮಾಡಿದರೆ 5 ವರ್ಷದವರೆಗೆ ಜೈಲು, ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. 1892ಕ್ಕೆ ಮುಂಚಿನ ದಾಖಲೆಯನ್ನಂತೂ, ಬಳಸಲಾಗದಷ್ಟು ಹಾಳಾಗಿದ್ದರೆ ಹೊರತು, ಮುಟ್ಟುವ ಹಾಗೇ ಇಲ್ಲ. ಕೇಳೋಕೆ ಚೆನ್ನಾಗಿದೆ. ಆದರೆ ಸ್ವಲ್ಪ ನಿಂತು ನೋಡಿ: ವೈಸ್‌ರಾಯ್ ಕಾಲದ ಕಾಗದಕ್ಕೆ ಕವಚ ಸಿಕ್ಕಿತು. ಇವತ್ತು ಜನ ಕಚೇರಿ ಬಾಗಿಲಲ್ಲಿ ನಿಂತು ಹುಡುಕುವ ಕಾಗದ ಮಾತ್ರ 1930ರಿಂದ 1980ರ ನಡುವಿನದು, ನಮ್ಮ ಅಜ್ಜ-ಮುತ್ತಜ್ಜಂದಿರ ಕಾಲದ್ದು. ಅದಕ್ಕೆ ಆ ಕವಚ ಇಲ್ಲ.

ಅರಣ್ಯ ಹಕ್ಕು ಕಾಯ್ದೆಯನ್ನೇ ತಗೊಳ್ಳಿ. ನಮ್ಮ ಸಂಘದಲ್ಲಿ ಉತ್ತರ ಕನ್ನಡ, ಶಿವಮೊಗ್ಗ, ಚಿಕ್ಕಮಗಳೂರು ಕಡೆಯವರಿಗೆ ಇದರ ಪರಿಚಯ ಮಾಡಿಕೊಡಬೇಕಿಲ್ಲ. 2006ರ ಈ ಕಾಯ್ದೆ ಪ್ರಕಾರ ಬುಡಕಟ್ಟಿನವರಲ್ಲದ, ಆದರೆ ಕಾಡನ್ನೇ ನಂಬಿ ಬದುಕಿದವರು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು ಅಲ್ಲೇ ವಾಸ ಇದ್ದರು ಅಂತ ತೋರಿಸಬೇಕು. ಒಂದು ತಲೆಮಾರಿಗೆ 25 ವರ್ಷ ಅಂತ ಕಾಯ್ದೆಯೇ ಲೆಕ್ಕ ಕೊಟ್ಟಿದೆ. ಅಲ್ಲಿಗೆ 75 ವರ್ಷ, ಅಂದರೆ 1930ಕ್ಕೆ ಹೋಗಬೇಕು. ಹಿರಿಯರ ಹೇಳಿಕೆ, ಹಳೇ ಬಾವಿ, ಸಮಾಧಿ, ಮನೆಯ ಅಡಿಪಾಯ, ಇವನ್ನೂ ಸಾಕ್ಷ್ಯವಾಗಿ ಒಪ್ಪಬಹುದು ಅಂತ ನಿಯಮ ಹೇಳುತ್ತೆ. ನಿಯಮ ಹೇಳೋದು ಬೇರೆ, ಕೌಂಟರಿನಲ್ಲಿ ಕೇಳೋದು ಬೇರೆ. ಕೌಂಟರಿನಲ್ಲಿ ಕೇಳೋದು ಕಾಗದ. ರಾಜ್ಯದಲ್ಲಿ ದೊಡ್ಡ ಸಂಖ್ಯೆಯ ಅರ್ಜಿಗಳು ತಿರಸ್ಕಾರ ಆಗಿದ್ದಕ್ಕೆ ಈ 75 ವರ್ಷದ ಪುರಾವೆಯೇ ಮುಖ್ಯ ಕಾರಣ.

ಈಗ ಎರಡು ಸಂಖ್ಯೆ ಪಕ್ಕಪಕ್ಕ ಇಡೋಣ. ಶಾಶ್ವತ ಅಂತ ಬರೆಯದ ಕಡತಕ್ಕೆ ಸರ್ಕಾರ ಕೊಡೋ ಗರಿಷ್ಠ ಆಯಸ್ಸು 30 ವರ್ಷ. ಅದೇ ಸರ್ಕಾರ ಒಬ್ಬ ರೈತನಿಂದ ಕೇಳೋ ಪುರಾವೆಯ ವಯಸ್ಸು 75 ವರ್ಷ. ಆ ಪುರಾವೆ ಹುಟ್ಟಿದ್ದಾದರೂ ಎಲ್ಲಿ? ಮೇವಿನ ಪರವಾನಗಿ, ಸೊಪ್ಪಿನಬೆಟ್ಟದ ದಂಡ, ಕಂದಾಯದ ರಸೀದಿ, ಅರಣ್ಯ ಗಾರ್ಡ್ ಹಾಕಿದ ಕೇಸು, ಎಲ್ಲವೂ ಹುಟ್ಟಿದ್ದು ಸರ್ಕಾರಿ ಕಚೇರಿಯಲ್ಲಿ. ಇದರಲ್ಲೊಂದು ತಮಾಷೆ ಇದೆ. 1932ರಲ್ಲಿ ಯಾರೋ ಒಬ್ಬ ಅಧಿಕಾರಿ ಕಾಡಿಗೆ ನುಗ್ಗಿದ ಅಂತ ಒಬ್ಬನಿಗೆ ನಾಲ್ಕಾಣೆ ದಂಡ ಹಾಕಿದ್ದರೆ, ಆ ದಂಡದ ರಿಜಿಸ್ಟರೇ ಇವತ್ತು ಅವನ ಮೊಮ್ಮಗನಿಗೆ ಆಸ್ತಿ. ದಂಡ ಬರೆದವನಿಗೆ ಅದು ಅತಿ ಕ್ಷುಲ್ಲಕ ಕಾಗದ. ಹಣ ಜಮಾ ಆಯಿತು, ಆಡಿಟ್ ಮುಗೀತು, ಅಲ್ಲಿಗೆ ಅದರ ಕಥೆ ಮುಗಿಯಿತು.

ನಮ್ಮ ವಾದ ಇಷ್ಟೇ. ಪುರಾವೆ ಕೇಳುವವರೇ ಪುರಾವೆ ಕಾಯಬೇಕು. ಸರ್ಕಾರ ಪ್ರಜೆಯಿಂದ ಎಷ್ಟು ವರ್ಷದ ಹಿಂದಿನ ಸಾಕ್ಷಿ ಕೇಳುತ್ತೋ, ಅದಕ್ಕೆ ಸಂಬಂಧಪಟ್ಟ ತನ್ನ ದಾಖಲೆಯನ್ನು ಕಡೇಪಕ್ಷ ಅಷ್ಟು ವರ್ಷವಾದರೂ ಇಟ್ಟಿರಬೇಕು. ಆಯಸ್ಸು ನಿಗದಿಯಾಗಬೇಕಾದ್ದು ಆ ಕಡತ ಕಚೇರಿಗೆ ಎಷ್ಟು ದಿನ ಬೇಕು ಅನ್ನೋದರ ಮೇಲೆ ಅಲ್ಲ, ಅದರಲ್ಲಿ ಹೆಸರಿರೋ ಮನುಷ್ಯನಿಗೆ ಎಷ್ಟು ಕಾಲ ಬೇಕಾಗಬಹುದು ಅನ್ನೋದರ ಮೇಲೆ.

ಕಾಡಿನ ವಿಷಯ ಬಿಟ್ಟು ಬಯಲಿಗೆ ಬಂದರೂ ಕಥೆ ಬದಲಾಗಲ್ಲ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯಲ್ಲಿ ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಹಾಕಿದರು, ಭೂ ನ್ಯಾಯಮಂಡಳಿಗಳು ವಿಚಾರಣೆ ಮಾಡಿದವು. ಉಳುವವನು ಒಡೆಯ ಆದದ್ದು ಘೋಷಣೆಯಿಂದಲ್ಲ, ಆ ಕಡತಗಳಿಂದ. ಆ ಕಾಲದ ಆದೇಶಗಳ ಮೇಲಿನ ತಕರಾರು ಇವತ್ತಿಗೂ ಕೋರ್ಟುಗಳಲ್ಲಿದೆ. ಹಾಗೇ 1978ರ ಪಿಟಿಸಿಎಲ್ ಕಾಯ್ದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ಬೇರೆಯವರ ಪಾಲಾಗಿದ್ದರೆ ವಾಪಸ್ ಕೊಡಿಸೋ ಕಾಯ್ದೆ. ವಾಪಸ್ ಕೊಡಿಸಬೇಕಾದ್ರೆ ಮೊದಲು ಮಂಜೂರಾಗಿತ್ತು ಅಂತ ತೋರಿಸಬೇಕು. ಅದಕ್ಕೆ ಸಾಗುವಳಿ ಚೀಟಿ ಬೇಕು, ದರಖಾಸ್ತು ಕಡತ ಬೇಕು. ಚೀಟಿ ಗುಡಿಸಲಿನ ಮಾಡಿನಲ್ಲಿ ಗೆದ್ದಲು ತಿಂದಿರುತ್ತೆ, ಕಡತ ಕಚೇರಿಯಲ್ಲಿ ‘ಲಭ್ಯವಿಲ್ಲ’ ಆಗಿರುತ್ತೆ. ಓದು ಬರಹ ಬಲ್ಲ ಮನೆತನದವರು ತಮ್ಮ ಪತ್ರಗಳನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿ ಕಾಯ್ದರು. ಟ್ರಂಕೇ ಇಲ್ಲದವರಿಗೆ ಸರ್ಕಾರದ ಬೀರುವೇ ಟ್ರಂಕು. ಅದನ್ನು ಖಾಲಿ ಮಾಡಿದರೆ ನಷ್ಟ ಎಲ್ಲರಿಗೂ ಸಮ ಆಗೋದಿಲ್ಲ.

ಹಳೇ ಕಾಲದವರಿಗೆ ಈ ತರ್ಕ ನಮಗಿಂತ ಚೆನ್ನಾಗಿ ಗೊತ್ತಿತ್ತೇನೋ. ಊರೂರಿನ ಶಾಸನದ ಕಲ್ಲುಗಳಲ್ಲಿ ಇರೋದೇನು? ಕೊಟ್ಟ ಭೂಮಿ, ಅದರ ನಾಲ್ಕೂ ಗಡಿ, ಬಿಟ್ಟ ತೆರಿಗೆ, ಕಟ್ಟಿಸಿದ ಕೆರೆ. ನಾಳೆ ಯಾವುದಕ್ಕೆ ಜಗಳ ಬರುತ್ತೋ ಅದನ್ನು ಕಲ್ಲಿಗೆ ಹಾಕಿದರು. ಮೇಲಾಗಿ ತಾಮ್ರಪಟವನ್ನು ದಾನ ಪಡೆದವನ ಕೈಗೇ ಕೊಟ್ಟರು.

ಇದೇ ತಪ್ಪಿಗೆ ಪೂರ್ತಿ ಬೆಲೆ ತೆತ್ತ ದೇಶ ಒಂದಿದೆ. ಬ್ರಿಟನ್ನಿಗೆ 1948ರಲ್ಲಿ ‘ಎಂಪೈರ್ ವಿಂಡ್‌ರಶ್’ ಅನ್ನೋ ಹಡಗು ಬಂತು. ಅದರ ಹಿಂದೆ ಎರಡು ದಶಕ ಕೆರಿಬಿಯನ್ ದ್ವೀಪಗಳಿಂದ ಸಾವಿರಾರು ಜನ ಬಂದರು. ಬಸ್ ಓಡಿಸಿದರು, ಆಸ್ಪತ್ರೆಗಳಲ್ಲಿ ದುಡಿದರು. 1973ಕ್ಕೆ ಮುಂಚೆ ಬಂದು ನೆಲೆಸಿದವರಿಗೆ ಕಾನೂನು ಅಲ್ಲೇ ಇರುವ ಹಕ್ಕು ಕೊಟ್ಟಿತು, ಆದರೆ ಕೈಗೆ ಯಾವ ಕಾಗದವನ್ನೂ ಕೊಡಲಿಲ್ಲ. ಅವರು ಬಂದಿಳಿದದ್ದಕ್ಕೆ ಇದ್ದ ಗುರುತು ಅಂದ್ರೆ ಬಂದರಿನಲ್ಲಿ ತುಂಬಿಸಿಕೊಂಡಿದ್ದ ಲ್ಯಾಂಡಿಂಗ್ ಕಾರ್ಡು. ಆ ಕಾರ್ಡುಗಳು ಲಂಡನ್ನಿನ ಕ್ರಾಯ್ಡನ್‌ನಲ್ಲಿ ಒಂದು ಕಚೇರಿಯ ನೆಲಮಾಳಿಗೆಯಲ್ಲಿದ್ದವು. 2010ರಲ್ಲಿ ಗೃಹ ಇಲಾಖೆ ಅವನ್ನು ನಾಶ ಮಾಡಿಸಿತು. ಎರಡೇ ವರ್ಷಕ್ಕೆ, 2012ರಿಂದ, ಅದೇ ಇಲಾಖೆ ವಲಸೆ ನೀತಿ ಬಿಗಿ ಮಾಡಿ, ಬಾಡಿಗೆ ಮನೆಗೂ ಕೆಲಸಕ್ಕೂ ಚಿಕಿತ್ಸೆಗೂ ದಾಖಲೆ ಕೇಳೋಕೆ ಶುರು ಮಾಡಿತು. ಮಕ್ಕಳಾಗಿದ್ದಾಗ ಬಂದು ಮುದುಕರಾದವರು ಕೆಲಸ ಕಳ್ಕೊಂಡರು, ಕೆಲವರು ಬಂಧನದಲ್ಲಿ ಕೂತರು, ಕೆಲವರನ್ನು ವಿಮಾನ ಹತ್ತಿಸಿಯೇ ಬಿಟ್ಟರು. 2018ರಲ್ಲಿ ವಿಷಯ ಹೊರಬಿದ್ದು ಗೃಹ ಸಚಿವೆ ಆಂಬರ್ ರಡ್ ರಾಜೀನಾಮೆ ಕೊಟ್ಟರು.

ಈ ಪ್ರಕರಣದಲ್ಲಿ ನಮಗೆ ಹೆಚ್ಚು ಕುತೂಹಲ ಅನ್ನಿಸಿದ್ದು ಇಲಾಖೆ ಕೊಟ್ಟ ಸಮರ್ಥನೆ. ಒಂದು, ವೈಯಕ್ತಿಕ ಮಾಹಿತಿಯನ್ನು ಅಗತ್ಯಕ್ಕಿಂತ ಹೆಚ್ಚು ಕಾಲ ಇಡಬಾರದು ಅನ್ನೋ ಡೇಟಾ ಸಂರಕ್ಷಣೆ ತತ್ವ. ಎರಡು, ಆ ಕಾರ್ಡಿನಿಂದ ಬಂದ ದಿನಾಂಕ ಗೊತ್ತಾಗುತ್ತೆ ಅಷ್ಟೇ, ಆಮೇಲೆ ಇಲ್ಲೇ ಇದ್ದರು ಅಂತ ಸಾಬೀತಾಗಲ್ಲ. ಎರಡೂ ಸುಳ್ಳಲ್ಲ. ಯಾರೂ ಕೇಡು ಬಗೆದು ಬೆಂಕಿ ಇಡಬೇಕಾಗಿರಲಿಲ್ಲ. ಒಂದು ಕೋಣೆ ಜಾಗ ಖಾಲಿ ಮಾಡಬೇಕು ಅಂತು, ಇನ್ನೊಂದು ಕೋಣೆ ಹೊಸ ನಿಯಮ ಬರೀತಾ ಇತ್ತು, ಎರಡು ಕೋಣೆ ಮಾತಾಡಲಿಲ್ಲ. ದಾಖಲೆ ನಾಶ ಅಂದ ಕೂಡಲೇ ನಾವು ಹಗರಣ, ಮಧ್ಯರಾತ್ರಿ, ಶಾರ್ಟ್ ಸರ್ಕ್ಯೂಟ್ ಅಂತ ಯೋಚಿಸ್ತೀವಿ. ಹಾಗೂ ಆಗುತ್ತೆ, ಇಲ್ಲ ಅನ್ನಲ್ಲ. ಆದರೆ ಹಾಡಹಗಲೇ, ನಿಯಮದ ಪ್ರಕಾರ, ಸಹಿ ಹಾಕಿ ಕಳಿಸುವ ಕಾಗದದಲ್ಲೂ ಅನಾಹುತ ಇರುತ್ತೆ.

ಇನ್ನೊಂದು ಕಡೆಯ ಮಾತನ್ನೂ ಕೇಳಬೇಕು. ಎಲ್ಲ ಇಡೋಕಾಗಲ್ಲ, ಇಡಬಾರದು ಕೂಡ. ರಜಾ ಚೀಟಿ, ಸ್ಟೇಷನರಿ ಇಂಡೆಂಟು, ಸಭೆಗೆ ಕಾಫಿ ತರಿಸಿದ ಬಿಲ್ಲು, ಒಂದೇ ಸುತ್ತೋಲೆಯ 40 ಪ್ರತಿ, ಇವೆಲ್ಲ ಇದ್ದರೆ ಬೇಕಾದ್ದು ಸಿಗೋದೇ ಇಲ್ಲ. ಹುಲ್ಲಿನ ಮೆದೆಯಲ್ಲಿ ಸೂಜಿ ಹುಡುಕಿದ ಹಾಗೆ. ಅಮೆರಿಕದ ರಾಷ್ಟ್ರೀಯ ಪತ್ರಾಗಾರವೇ ತಾನು ಶಾಶ್ವತವಾಗಿ ಇಡೋದು ಸರ್ಕಾರ ಸೃಷ್ಟಿಸುವ ದಾಖಲೆಗಳಲ್ಲಿ ಶೇ. 1ರಿಂದ 3ರಷ್ಟು ಮಾತ್ರ ಅನ್ನುತ್ತೆ. ಕೆಲವು ದಾಖಲೆ ನಾಶ ಆಗೋದೇ ನ್ಯಾಯ. 2015ರ ಬಾಲನ್ಯಾಯ ಕಾಯ್ದೆಯ 24ನೇ ಸೆಕ್ಷನ್, ತಪ್ಪು ಮಾಡಿದ ಮಗುವಿನ ಶಿಕ್ಷೆಯ ದಾಖಲೆಯನ್ನು ಮೇಲ್ಮನವಿ ಅವಧಿ ಕಳೆದ ಮೇಲೆ ನಾಶ ಮಾಡಿ ಅಂತಲೇ ಹೇಳುತ್ತೆ, ಘೋರ ಅಪರಾಧದ ಪ್ರಕರಣ ಬಿಟ್ಟು. ಹದಿನೈದರಲ್ಲಿ ಮಾಡಿದ್ದು ಐವತ್ತರವರೆಗೂ ಬೆನ್ನಟ್ಟಬಾರದು. ನಾವು ಇದಕ್ಕೆ ಪೂರ್ತಿ ಸಹಮತ.

ಹಾಗಾದ್ರೆ ಆರಿಸೋದು ಯಾರು? ಈ ಜಗಳಕ್ಕೆ ನೂರು ವರ್ಷ ಆಗಿದೆ. ಬ್ರಿಟನ್ನಿನ ಹಿಲರಿ ಜೆಂಕಿನ್ಸನ್ 1922ರ ತನ್ನ ಕೈಪಿಡಿಯಲ್ಲಿ, ಆರಿಸುವ ಕೆಲಸ ಪತ್ರಾಗಾರದ್ದಲ್ಲ, ದಾಖಲೆ ಹುಟ್ಟಿಸಿದ ಕಚೇರಿಯದ್ದು ಅಂದ. ಅಮೆರಿಕದ ಶೆಲೆನ್‌ಬರ್ಗ್ 1956ರಲ್ಲಿ ಅದನ್ನು ಒಪ್ಪಲಿಲ್ಲ. ಕಾಗದಕ್ಕೆ ಎರಡು ಬೆಲೆ ಇದೆ, ಹುಟ್ಟಿಸಿದವರಿಗೆ ಒಂದು, ಬೇರೆಯವರಿಗೆ ಇನ್ನೊಂದು, ಎರಡನೆಯದನ್ನು ನೋಡೋಕೆ ಪರಿಣಿತರೇ ಬೇಕು ಅಂದ. ನಾವು ಶೆಲೆನ್‌ಬರ್ಗ್ ಕಡೆ. ಆದರೆ ಅವನ ‘ಬೇರೆಯವರು’ ಅಂದ್ರೆ ಹೆಚ್ಚಾಗಿ ಸಂಶೋಧಕರು. ಸಂಶೋಧಕರಿಗೆ ಸ್ಯಾಂಪಲ್ ಸಾಕು. ಹತ್ತು ಸಾವಿರ ಅರ್ಜಿಯಲ್ಲಿ ಐನೂರು ಇಟ್ಟರೆ ಸ್ಟ್ಯಾಟಿಸ್ಟಿಕ್ಸ್ ಪೇಪರಿನಲ್ಲಿ ಕಲಿತಂತೆ ಉಳಿದದ್ದನ್ನು ಅಂದಾಜು ಮಾಡಬಹುದು, ಆ ಕಾಲದ ಇತಿಹಾಸ ಬರೀಬಹುದು. ಉಳಿದ ಒಂಬತ್ತೂವರೆ ಸಾವಿರದಲ್ಲಿ ಯಾರ ಅರ್ಜಿ ಇತ್ತೋ ಅವರಿಗೆ ಆ ಸ್ಯಾಂಪಲ್ ತಗೊಂಡು ಏನು ಮಾಡೋದು? ತಹಶೀಲ್ದಾರರ ಮುಂದೆ ಕಾನ್ಫಿಡೆನ್ಸ್ ಇಂಟರ್ವಲ್ ಇಡೋಕಾಗುತ್ತಾ?

ಇತಿಹಾಸದ ಕಡೆಯೂ ಪರಿಸ್ಥಿತಿ ಏನು ಚೆನ್ನಾಗಿಲ್ಲ ಬಿಡಿ. 2022ರ ಡಿಸೆಂಬರ್‌ನಲ್ಲಿ ನಮ್ಮ ರಾಷ್ಟ್ರೀಯ ಪತ್ರಾಗಾರದ ಮಹಾನಿರ್ದೇಶಕರೇ ಬಹಿರಂಗವಾಗಿ ಹೇಳಿದರು: 1962, 1965, 1971ರ ಯುದ್ಧಗಳ ದಾಖಲೆ ತಮ್ಮಲ್ಲಿಲ್ಲ, ಹಸಿರು ಕ್ರಾಂತಿಯದ್ದೂ ಇಲ್ಲ, 151 ಸಚಿವಾಲಯ ಮತ್ತು ಇಲಾಖೆಗಳಲ್ಲಿ 36ರ ದಾಖಲೆ ಮಾತ್ರ ಇದೆ. ಯುದ್ಧಗಳ ಗತಿಯೇ ಇದಾದರೆ ಮೇವಿನ ಪರವಾನಗಿ ಯಾವ ಲೆಕ್ಕ.

ಇನ್ನು ಸ್ವಚ್ಛತೆ. 2021ರಿಂದ ಪ್ರತಿ ವರ್ಷ ಅಕ್ಟೋಬರ್ 2ರಿಂದ ಒಂದು ತಿಂಗಳು ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ವಿಶೇಷ ಅಭಿಯಾನ ನಡೆಯುತ್ತೆ. ಬಾಕಿ ವಿಲೇವಾರಿ, ಹಳೇ ಕಡತ ಪರಿಶೀಲನೆ, ರದ್ದಿ ಮಾರಾಟ. ಕೊನೆಗೆ ಇಷ್ಟು ಲಕ್ಷ ಚದರ ಅಡಿ ಜಾಗ ಖಾಲಿ ಆಯಿತು, ರದ್ದಿಯಿಂದ ಇಷ್ಟು ಕೋಟಿ ಬಂತು ಅಂತ ಪ್ರಕಟಣೆ ಬರುತ್ತೆ. ಮುರಿದ ಕುರ್ಚಿ, ಸತ್ತ ಪ್ರಿಂಟರ್ ಹೋಗಲಿ, ಬಹಳ ಒಳ್ಳೇದು. ಆದರೆ ಯಾವುದನ್ನು ಅಳೀತೀವೋ ಅದೇ ಹೆಚ್ಚಾಗುತ್ತೆ ಅನ್ನೋದು ಎಂಜಿನಿಯರುಗಳಿಗೆ ಹೇಳಿಕೊಡಬೇಕಾ? ಚದರ ಅಡಿಗೆ ಅಂಕ ಕೊಟ್ಟರೆ ಚದರ ಅಡಿ ಸಿಗುತ್ತೆ. ಪತ್ರಾಗಾರಕ್ಕೆ ಎಷ್ಟು ಕಡತ ಕಳಿಸಿದಿರಿ, ಎಷ್ಟು ಕಡತದ ಆಯಸ್ಸನ್ನು ಮರುಪರಿಶೀಲಿಸಿ ಹೆಚ್ಚಿಸಿದಿರಿ ಅನ್ನೋದು ಪ್ರಕಟಣೆಯ ತಲೆಬರಹದಲ್ಲಿ ಬರೋ ದಿನ ಬರಬೇಕು.

ನಮ್ಮ ಬ್ರಾಂಚಿಗೂ ಇದಕ್ಕೂ ಏನು ಸಂಬಂಧ ಅನ್ನೋರಿಗೆ ಒಂದು ರಾತ್ರಿ ನೆನಪು ಮಾಡ್ತೀವಿ. 2024ರ ಆಗಸ್ಟ್ 10, ತುಂಗಭದ್ರಾ ಅಣೆಕಟ್ಟು. 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದರ ಚೈನ್ ಲಿಂಕ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಏಳು ದಶಕದ ಅಣೆಕಟ್ಟು, ತುಂಬಿದ ಜಲಾಶಯ. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ ನಿಲ್ಲಿಸಿದ್ದು ನಮ್ಮ ಕಾಲದ ದೊಡ್ಡ ಎಂಜಿನಿಯರಿಂಗ್ ಸಾಹಸ. ಅಂಥ ಹೊತ್ತಿನಲ್ಲಿ ಯಾವ ಎಂಜಿನಿಯರಾದರೂ ಮೊದಲು ಕೇಳೋದು ಮೂಲ ಡ್ರಾಯಿಂಗು. ಡ್ರಾಯಿಂಗ್ ಶಾಶ್ವತವಾಗಿ ಇಡಬೇಕು ಅಂತ ಎಲ್ಲರಿಗೂ ಗೊತ್ತು. ಎರಡನೇ ಪ್ರಶ್ನೆ ಕಷ್ಟದ್ದು: ಈ ಚೈನನ್ನು ಯಾವ ವರ್ಷ ಪರೀಕ್ಷಿಸಿದರು, ಯಾರು, ಏನು ಬರೆದರು? ಅದು ನಿರ್ವಹಣೆಯ ರಿಜಿಸ್ಟರು, ಮೆಷರ್‌ಮೆಂಟ್ ಬುಕ್ಕು. ಕಚೇರಿಯ ಕಣ್ಣಿಗೆ ಬಿಲ್ ಪಾಸಾಗಿ ಆಡಿಟ್ ಮುಗಿದ ಮೇಲೆ ಅದಕ್ಕೆ ಬೆಲೆ ಇಲ್ಲ. ಮೆಟಲ್ ಫಟೀಗ್ ಕಣ್ಣಿಗೆ ಬೆಲೆ ಇದೆ. ಉಕ್ಕು ಎಷ್ಟು ವರ್ಷ ಬದುಕುತ್ತೋ ಅದರ ನಿರ್ವಹಣೆಯ ದಾಖಲೆಯೂ ಅಷ್ಟು ವರ್ಷ ಬದುಕಬೇಕು.

ಬೆಂಗಳೂರಿನ ರಾಜಕಾಲುವೆಗಳದ್ದೂ ಇದೇ ಕಥೆ. 2022ರ ಸೆಪ್ಟೆಂಬರ್‌ನಲ್ಲಿ ಮಹದೇವಪುರದ ಕಡೆ ಟೆಕ್ ಪಾರ್ಕುಗಳ ಮುಂದೆ ಟ್ರ್ಯಾಕ್ಟರು, ಬೋಟು ಓಡಾಡಿದವಲ್ಲ, ಆಮೇಲೆ ಒತ್ತುವರಿ ಗುರುತಿಸೋಕೆ ತೆಗೆದದ್ದು ಸ್ಯಾಟಲೈಟ್ ಚಿತ್ರವನ್ನಷ್ಟೇ ಅಲ್ಲ, ಹಳೇ ಗ್ರಾಮ ನಕ್ಷೆಯನ್ನು. ಸ್ಯಾಟಲೈಟಿಗೆ ಕಾಣೋದು ಈಗಿರೋ ಕಟ್ಟಡ. ಅದರ ಕೆಳಗೆ ನೀರು ಹರೀತಿತ್ತು ಅಂತ ಹೇಳೋದು ಸರ್ವೆಯವರ ಟಿಪ್ಪಣಿ, ಆಕಾರಬಂದ್, ಆ ನಕ್ಷೆ. ಮೆಜೆಸ್ಟಿಕ್ ಬಸ್ ನಿಲ್ದಾಣ ಧರ್ಮಾಂಬುಧಿ ಕೆರೆ ಆಗಿತ್ತು, ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆ ಆಗಿತ್ತು ಅಂತ ನಾವು ಇವತ್ತು ಹೇಳ್ತೀವಲ್ಲ, ನೆನಪಿನಿಂದ ಹೇಳೋರು ಕಡಿಮೆ, ಕಾಗದದಿಂದ ಹೇಳೋರೇ ಹೆಚ್ಚು.

‘ಸ್ಕ್ಯಾನ್ ಮಾಡಿ ಎಸೆದ್ರಾಯ್ತು’ ಅನ್ನೋದು ನಮ್ಮ ಕಾಲೇಜಿನಲ್ಲಿ ಅತಿ ಹೆಚ್ಚು ಕೇಳಿಬರೋ ಪರಿಹಾರ. ಕಂಪ್ಯೂಟರ್ ಸೈನ್ಸಿನವರು ಹೇಳೋವಾಗ ಧ್ವನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇರುತ್ತೆ. ಇಲ್ಲಿ ‘ಕಡತ’ ಅನ್ನೋ ಪದವನ್ನೇ ನೋಡಿ. ಇವತ್ತು ಫೈಲಿಗೆ ಹೇಳೋ ಈ ಮಾತು ಮೊದಲು ಒಂದು ಬಟ್ಟೆಯ ಹೆಸರು. ಹತ್ತಿ ಬಟ್ಟೆಗೆ ಇದ್ದಿಲು ಪುಡಿ, ಹುಣಿಸೆ ಬೀಜದ ಅಂಟು ಬಳಿದು, ಒಣಗಿಸಿ, ಬೀಸಣಿಗೆ ಥರ ಮಡಚಿ, ಬಳಪದಲ್ಲಿ ಬರೀತಿದ್ದರು. ಶೃಂಗೇರಿ ಮಠದಲ್ಲಿ ಅಂಥ ಕಡತಗಳಿವೆ. ಅದರ ಗುಣ ಏನಂದ್ರೆ ಒರೆಸಿ ಮತ್ತೆ ಬರೀಬಹುದಿತ್ತು, ಒರೆಸದಿದ್ದರೆ ಕಾಗದಕ್ಕಿಂತ ಗಟ್ಟಿ. ನಡುವೆ ಕೆಲವು ಶತಮಾನ ಕಾಗದ ಬಂದು, ಒರೆಸಿದರೆ ಗುರುತು ಉಳಿಯುವಂತಾಯಿತು. ಈಗ ಇ-ಆಫೀಸ್ ಬಂದು ಕಡತ ಮತ್ತೆ ಒರೆಸಬಲ್ಲ ವಸ್ತುವಾಗಿದೆ. ಕಾಗದ ಸುಟ್ಟರೆ ಹೊಗೆಯಾದರೂ ಬರುತ್ತೆ. ಟೇಬಲ್ ಡ್ರಾಪ್ ಮಾಡಿದ್ರೆ ಏನು ಬರುತ್ತೆ? 1993ರ ಕಾಯ್ದೆ ಕಂಪ್ಯೂಟರಿನಿಂದ ಹುಟ್ಟಿದ್ದನ್ನೂ ಸಾರ್ವಜನಿಕ ದಾಖಲೆ ಅಂತ ಆಗಲೇ ಸೇರಿಸಿತ್ತು, ಬರೆದವರ ದೂರದೃಷ್ಟಿ ಮೆಚ್ಚಬೇಕು. ಆದರೆ ಹಳೇ ಸರ್ವರ್ ಬದಲಾಯಿಸುವಾಗ ಯಾವ ಡೇಟಾ ಹೊಸದಕ್ಕೆ ಬಂತು, ಯಾವುದು ಬರಲಿಲ್ಲ ಅನ್ನೋದನ್ನು ಬಹುಪಾಲು ತೀರ್ಮಾನಿಸೋದು ಟೆಂಡರ್ ಗೆದ್ದ ಕಂಪನಿಯ ಟೀಮ್ ಲೀಡು. ಎರಡು ವರ್ಷದಲ್ಲಿ ಆ ಟೀಮಿನಲ್ಲಿ ನಮ್ಮಲ್ಲೇ ಯಾರಾದರೂ ಇರ್ತೀವಿ.

ಕನ್ನಡಕ್ಕೆ ಅದರದೇ ಆದ ಇನ್ನೊಂದು ತಾಪತ್ರಯ ಇದೆ. ಎರಡು ದಶಕದ ಹಿಂದೆ ಟೈಪ್ ಮಾಡಿದ ಎಷ್ಟೋ ಸರ್ಕಾರಿ ಆದೇಶ, ನಡವಳಿ, ಪಟ್ಟಿಗಳು ನುಡಿ, ಬರಹದ ಹಳೇ ಆಸ್ಕಿ ಫಾಂಟಿನಲ್ಲಿವೆ. ಫಾಂಟ್ ಇಲ್ಲದ ಲ್ಯಾಪ್‌ಟಾಪಿನಲ್ಲಿ ತೆರೆದರೆ ವಿಚಿತ್ರ ಲಿಪಿಯ ಕಿಚಡಿ ಕಾಣುತ್ತೆ. ಫೈಲ್ ಇದೆ, ಓದೋಕಾಗಲ್ಲ, ಹುಡುಕೋಕಂತೂ ಆಗೋದೇ ಇಲ್ಲ. ಬ್ರಿಟನ್ನಿನಲ್ಲಿ 1086ರ ‘ಡೂಮ್ಸ್‌ಡೇ’ ಭೂದಾಖಲೆಯ 900ನೇ ವರ್ಷಕ್ಕೆ ಬಿಬಿಸಿಯವರು 1986ರಲ್ಲಿ ಲೇಸರ್‌ಡಿಸ್ಕಿನಲ್ಲಿ ಹೊಸ ಡೂಮ್ಸ್‌ಡೇ ಮಾಡಿದರು. ಹದಿನೈದು ವರ್ಷ ಕಳೆಯೋದರೊಳಗೆ ಅದನ್ನು ಓದೋ ಯಂತ್ರವೇ ಅಪರೂಪ ಆಯ್ತು, ಎಂಜಿನಿಯರುಗಳು ಕಷ್ಟಪಟ್ಟು ಡೇಟಾ ಉಳಿಸಬೇಕಾಯಿತು. ಚರ್ಮದ ಮೇಲಿನ ಮೂಲ ಪುಸ್ತಕ ಮಾತ್ರ ಈಗಲೂ ಹಾಗೇ ಇದೆ.

ಸ್ಕ್ಯಾನ್ ಬೇಡ ಅಂತಲ್ಲ. ‘ಭೂಮಿ’ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿ ಗಣಕೀಕರಣ ಆಗಿ, ಕೈಬರಹದ ಪಹಣಿಯನ್ನೇ ನಿಲ್ಲಿಸಿದ ರಾಜ್ಯ ನಮ್ಮದು. ಈಗ ‘ಭೂ ಸುರಕ್ಷಾ’ ಹೆಸರಿನಲ್ಲಿ ತಾಲೂಕು ಕಚೇರಿಗಳ ಹಳೇ ಭೂದಾಖಲೆಗಳನ್ನೂ ಸ್ಕ್ಯಾನ್ ಮಾಡ್ತಿದ್ದಾರೆ. ನಮಗೆ ಇದು ಈಚಿನ ವರ್ಷಗಳ ಒಳ್ಳೇ ಸುದ್ದಿಗಳಲ್ಲಿ ಒಂದು. ಪುಟ ತಿದ್ದೋದು, ಹರಿದು ಹಾಕೋದು ಇದರಿಂದ ಕಷ್ಟ ಆಗುತ್ತೆ. ನಮ್ಮ ತಕರಾರು ಒಂದೇ: ಸ್ಕ್ಯಾನ್ ಆಯ್ತು ಅನ್ನೋದು ಮೂಲವನ್ನು ಎಸೆಯೋಕೆ ಪರವಾನಗಿ ಆಗಬಾರದು. ಶಾಯಿಯ ಬಣ್ಣ, ಪುಟದ ಹಿಂಬದಿ, ತಿದ್ದಿದ ಗುರುತು, ಹೊಲಿಗೆ ಬಿಚ್ಚಿ ಸೇರಿಸಿದ ಹಾಳೆ, ಖೋಟಾ ಹಿಡಿಯೋಕೆ ಬೇಕಾದ್ದೆಲ್ಲ ಮೂಲದಲ್ಲಿರುತ್ತೆ.

ಇಷ್ಟೆಲ್ಲ ಹೇಳಿದ ಮೇಲೆ ಏನು ಮಾಡಬೇಕು ಅಂತಲೂ ಹೇಳಬೇಕಲ್ಲ. ಮಾಹಿತಿ ಹಕ್ಕಿನ ಅರ್ಜಿಗೆ ಬರೋ ಉತ್ತರಗಳಲ್ಲಿ ಅತಿ ಹೆಚ್ಚು ಸಿಟ್ಟು ತರಿಸೋದು ‘ಕಡತ ಲಭ್ಯವಿಲ್ಲ’ ಅನ್ನೋ ಹಿಂಬರಹ. ನಮ್ಮ ಸಂಘದ ಒಬ್ಬರ ಮನೆಯವರಿಗೆ ಒಂದು ಕಚೇರಿಯಿಂದ ಇದೇ ಎರಡು ಪದ ಮೂರು ಸಲ ಬಂದಿದೆ. ಕಳೆದುಹೋಯಿತೋ, ನಿಯಮದಂತೆ ನಾಶ ಆಯಿತೋ, ಬೇರೆ ಕಚೇರಿಗೆ ಹೋಯಿತೋ, ಯಾರಾದರೂ ಮನೆಗೆ ಒಯ್ದರೋ, ಎಲ್ಲಕ್ಕೂ ಅವೇ ಎರಡು ಪದ. 2013ರಲ್ಲಿ ದೆಹಲಿ ಹೈಕೋರ್ಟ್, ಸಿಕ್ಕಿಲ್ಲ ಅಂತ ಹೇಳಿ ಕೈತೊಳೆದುಕೊಳ್ಳೋಕಾಗಲ್ಲ, ಹುಡುಕಬೇಕು, ತನಿಖೆ ಮಾಡಬೇಕು ಅಂದಿದೆ. ನಾವು ಅದಕ್ಕಿಂತ ಒಂದು ಹೆಜ್ಜೆ ಹಿಂದಕ್ಕೆ ಹೋಗ್ತೀವಿ. ನಾಶ ಮಾಡುವ ಕಡತಗಳ ಪಟ್ಟಿಯನ್ನು, ನಾಶ ಮಾಡೋದಕ್ಕೆ ಮೂರು ತಿಂಗಳು ಮುಂಚೆ, ಕನ್ನಡದಲ್ಲಿ, ಊರಿನ ಹೆಸರು ಮತ್ತು ಸರ್ವೆ ನಂಬರ್ ಹಾಕಿ ಹುಡುಕಬಹುದಾದ ರೀತಿಯಲ್ಲಿ ಜಾಲತಾಣಕ್ಕೆ ಹಾಕಲಿ, ಗ್ರಾಮ ಪಂಚಾಯಿತಿ ಬೋರ್ಡಿಗೂ ಅಂಟಿಸಲಿ. ಯಾರಾದರೂ ‘ಇದು ನಮಗೆ ಬೇಕು’ ಅಂದರೆ ತಡೆಯಲಿ, ಇಲ್ಲವೇ ಅದರ ದೃಢೀಕೃತ ಪ್ರತಿಯನ್ನು ಅವರ ಕೈಗೆ ಕೊಡಲಿ, ತಾಮ್ರಪಟ ಕೊಟ್ಟ ಹಾಗೆ. ಕಡತ ಹೋದರೂ ಆ ಪಟ್ಟಿ ಮಾತ್ರ ಎ ದರ್ಜೆಯಲ್ಲಿ ಶಾಶ್ವತವಾಗಿ ಉಳಿಯಲಿ. ಆಗ ಕಾಗದ ಇಲ್ಲದವನೂ ‘ನನ್ನಜ್ಜನ ಹೆಸರಿನ ಕಡತ ಇತ್ತು, ಇಂಥ ದಿನ ನೀವೇ ನಾಶ ಮಾಡಿದಿರಿ, ಇಲ್ಲಿ ನೋಡಿ’ ಅನ್ನಬಹುದು. ತಾನೇ ನಾಶ ಮಾಡಿದ ದಾಖಲೆಯನ್ನು ಹಾಜರುಪಡಿಸಲಿಲ್ಲ ಅಂತ ಸರ್ಕಾರ ಆ ಅರ್ಜಿಯನ್ನು ತಿರಸ್ಕರಿಸಬಾರದು.

ಅಕ್ಷರ ಹಾಕುವ ಕೆಲಸವನ್ನೂ ಒಬ್ಬ ವಿಷಯ ನಿರ್ವಾಹಕರ ಹೆಗಲಿಗೆ ಬಿಡಬಾರದು. ಜಿಲ್ಲೆಗೊಂದು ಸಣ್ಣ ಸಮಿತಿ ಇರಲಿ. ಅದರಲ್ಲಿ ರಾಜ್ಯ ಪತ್ರಾಗಾರದವರು ಒಬ್ಬರು, ಸ್ಥಳೀಯ ಇತಿಹಾಸ ಬಲ್ಲವರು ಒಬ್ಬರು, ಜೊತೆಗೆ ಭೂಮಿ-ಕಾಡಿನ ಅರ್ಜಿಗಳನ್ನು ಬರೆದುಕೊಟ್ಟು ನುರಿತವರು ಒಬ್ಬರು. ಆ ಮೂರನೆಯವರೇ ನಮ್ಮ ಪ್ರಕಾರ ಮುಖ್ಯ. ಯಾವ ಕಾಗದ ಎಲ್ಲಿ ಕೇಳ್ತಾರೆ ಅನ್ನೋದು ತಾಲೂಕು ಕಚೇರಿ ಮುಂದೆ ಕೂತು ಅರ್ಜಿ ಬರೆಯೋರಿಗೆ ಗೊತ್ತಿರೋಷ್ಟು ಬೇರೆ ಯಾವ ಪರಿಣಿತರಿಗೂ ಗೊತ್ತಿಲ್ಲ.

ಕನ್ನಡ ಸಂಘವಾಗಿ ನಾವು ಮಾಡಬಹುದಾದ ಸಣ್ಣ ಕೆಲಸವೂ ಒಂದಿದೆ. ಹಳೇ ಆಸ್ಕಿ ಫಾಂಟಿನ ಕಡತಗಳನ್ನು ಯೂನಿಕೋಡಿಗೆ ತರೋ ತಂತ್ರಾಂಶಗಳು ಮುಕ್ತವಾಗಿ ಸಿಗುತ್ತವೆ, ಆದರೆ ಒತ್ತಕ್ಷರ, ಅರ್ಕಾವತ್ತಿನಲ್ಲಿ ಎಡವುತ್ತವೆ. ಹೆಸರಿನಲ್ಲಿ ಒಂದು ಅರ್ಕಾವತ್ತು ತಪ್ಪಿದರೂ ಆ ಹೆಸರು ಹುಡುಕಿದಾಗ ಸಿಗಲ್ಲ. ಈ ಸೆಮಿಸ್ಟರ್ ಮಿನಿ ಪ್ರಾಜೆಕ್ಟಿಗೆ ವಿಷಯ ಹುಡುಕ್ತಿರೋ ಐದನೇ ಸೆಮಿಸ್ಟರಿನವರು, ಊರಿನ ಪಂಚಾಯಿತಿಯಲ್ಲಿ ಹಳೇ ನುಡಿ ಫೈಲುಗಳು ಇದ್ದರೆ ಅನುಮತಿ ಕೇಳಿ ನಾಲ್ಕು ತಗೊಂಡು ಬನ್ನಿ. ಸಂಘದ ಕೋಣೆ ಸಂಜೆ 5ರ ಮೇಲೆ ತೆರೆದಿರುತ್ತೆ.